ಒಂದೇ ಟೂರ್, ಮೂರು ಥರ ನೋಡಿದೆ: ಥಿಯೇಟರ್, ಸ್ಟೇಡಿಯಂ, ಫೋನ್

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್‌ಳ ಎರಾಸ್ ಟೂರನ್ನು, ಅಂದರೆ ಆಲ್ಬಮ್‌ಗೊಂದು ಭಾಗ ಅಂತ ಹಾಡಿದ ಆ ಶೋವನ್ನು, ನಾನು ಮೂರು ಥರ ನೋಡಿದ್ದೇನೆ. ಮೊದಲು ಥಿಯೇಟರ್‌ನಲ್ಲಿ ಸಿನಿಮಾ ಆಗಿ. ಆಮೇಲೆ ಸಿಂಗಪುರದ ನ್ಯಾಷನಲ್ ಸ್ಟೇಡಿಯಂನಲ್ಲಿ, ಮೇಲೆ ಎಲ್ಲೋ ಚಾವಣಿ ಹತ್ತಿರದ ಸಾಲಿನಲ್ಲಿ ಕೂತು. ಕೊನೆಗೆ ಹಾಸಿಗೆಯಲ್ಲಿ ಮಲಗಿಕೊಂಡು, ಪ್ಯಾರಿಸ್‌ನಿಂದ ಯಾರೋ ಅಭಿಮಾನಿ ಕೈಯಲ್ಲಿ ಫೋನ್ ಹಿಡಿದು ಹಾಕುತ್ತಿದ್ದ ಅಲುಗಾಡುವ ಲೈವ್ ವಿಡಿಯೋದಲ್ಲಿ. ಯಾವುದು ಚೆನ್ನಾಗಿತ್ತು ಅಂತ ಕೇಳಿದವರಿಗೆ ಮೊದಲೆಲ್ಲ ಥಟ್ಟನೆ ಸ್ಟೇಡಿಯಂ ಅನ್ನುತ್ತಿದ್ದೆ. ಈಗ ಸ್ವಲ್ಪ ಯೋಚಿಸುತ್ತೇನೆ. ಯಾಕೆಂದರೆ ನಾನು ನೋಡಿದ್ದು ಒಂದೇ ಶೋ ಅಲ್ಲ. ನಡುವೆ ಹೊಸ ಆಲ್ಬಮ್ ಬಂತು, ಬಂದ ಮೇಲೆ ಶೋ ಬದಲಾಯಿತು, ನಾನು ದುಡ್ಡು ಕೊಟ್ಟು ವಿಮಾನ ಹತ್ತಿ ಹೋಗಿದ್ದು ಹಳೇ ಶೋಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಲೆಕ್ಕ. ಟೂರ್ ಶುರುವಾಗಿದ್ದು 2023ರ ಮಾರ್ಚ್ 17ಕ್ಕೆ ಅಮೆರಿಕದ ಗ್ಲೆಂಡೇಲ್‌ನಲ್ಲಿ, ಮುಗಿದಿದ್ದು 2024ರ ಡಿಸೆಂಬರ್ 8ಕ್ಕೆ ಕೆನಡಾದ ವ್ಯಾಂಕೂವರ್‌ನಲ್ಲಿ. ಒಟ್ಟು 149 ಶೋ, ಒಂದು ಕೋಟಿಗೂ ಜಾಸ್ತಿ ಜನ, ಟಿಕೆಟ್ ಮಾರಾಟವೇ 200 ಕೋಟಿ ಡಾಲರ್ ದಾಟಿತು. ಇಷ್ಟರಲ್ಲಿ ಭಾರತಕ್ಕೆ ಒಂದು ಶೋನೂ ಇಲ್ಲ. ಆಗ್ನೇಯ ಏಷ್ಯಾಕ್ಕೆಲ್ಲ ಸೇರಿ ಸಿಂಗಪುರ ಒಂದೇ, ಅಲ್ಲಿ ಆರು ರಾತ್ರಿ. ಅಕ್ಕಪಕ್ಕದ ದೇಶದವರು ಸುಮ್ನೆ ಸಿಟ್ಟಾಗಲಿಲ್ಲ. ಶೋ ತರಿಸಿಕೊಳ್ಳಲು ಸಿಂಗಪುರ ಸರ್ಕಾರ ಅನುದಾನ ಕೊಟ್ಟಿದ್ದು ನಿಜ.

ಮೊದಲು ಥಿಯೇಟರ್. ಸಿನಿಮಾ ಅಮೆರಿಕದಲ್ಲಿ 2023ರ ಅಕ್ಟೋಬರ್ 13ಕ್ಕೆ ಬಂತು, ನಮ್ಮಲ್ಲಿ ನವೆಂಬರ್‌ನಲ್ಲಿ. ಶೂಟ್ ಮಾಡಿದ್ದು ಲಾಸ್ ಏಂಜಲಿಸ್ ಹತ್ತಿರದ ಸೋಫೈ ಸ್ಟೇಡಿಯಂನಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ. ಸಿನಿಮಾದಲ್ಲಿ ಸಿಗೋದು ಮುಖ. ಅದೇ ದೊಡ್ಡ ಲಾಭ. ಹಾಡಿನ ಮಧ್ಯೆ ಹುಬ್ಬು ಹಾರಿಸೋದು, ನರ್ತಕರ ಕಡೆ ತಿರುಗಿ ನಗೋದು, ಗಿಟಾರ್ ಮೇಲೆ ಬೆರಳು, ಬಟ್ಟೆಯ ಮೇಲಿನ ಒಂದೊಂದು ಮಿಂಚು, ಎಲ್ಲ ಎದುರಿಗೇ. ದನಿಯೂ ಸ್ವಚ್ಛ, ಯಾಕೆಂದರೆ ಅದು ಆಮೇಲೆ ಕೂತು ಮಿಕ್ಸ್ ಮಾಡಿದ್ದು. ಪಕ್ಕದವರ ಕಿರುಚಾಟ ಎಷ್ಟು ಬೇಕೋ ಅಷ್ಟೇ ಇಟ್ಟಿದ್ದಾರೆ. ಆದರೆ ನಾನು ಹೋದ ಥಿಯೇಟರ್‌ನವರು ವಾಲ್ಯೂಮ್ ಇಳಿಸಿಬಿಟ್ಟಿದ್ದರು, ಮಧ್ಯಾಹ್ನದ ಭಜನೆ ಥರ ಕೇಳಿಸುತ್ತಿತ್ತು. ಒಬ್ಬಳು ಹುಡುಗಿ ಎದ್ದು ಹೋಗಿ ಹೇಳಿ ಬಂದಳು, ಸ್ವಲ್ಪ ಏರಿತು. ಆಮೇಲೆ ಹಿಂದಿನ ಸಾಲಿನವರು ಎದ್ದು ಕುಣಿದರು, ಮುಂದಿನವರು ಕೂತುಕೊಳ್ಳಿ ಅಂದರು. ಅರ್ಧ ಹಾಲ್ ಕಾನ್ಸರ್ಟ್‌ಗೆ ಬಂದಿತ್ತು, ಇನ್ನರ್ಧ ಸಿನಿಮಾಗೆ. ಈ ಜಗಳಕ್ಕೆ ಉತ್ತರ ಇಲ್ಲ.

ಸಿನಿಮಾದ ತೊಂದರೆ ಕತ್ತರಿ. ಶೋ ಮೂರು ಗಂಟೆ ಮೀರಿ ಹೋಗುತ್ತದೆ, ಸಿನಿಮಾ 169 ನಿಮಿಷ. ಬಟ್ಟೆ ಬದಲಿಸುವ ಹೊತ್ತು ಹೋಯಿತು, ಅದು ಪರವಾಗಿಲ್ಲ. ಕೆಲವು ಹಾಡೂ ಹೋದವು, ಅದರಲ್ಲಿ ನನಗೆ ಬೇಕಾಗಿದ್ದ 'ಲಾಂಗ್ ಲಿವ್' ಒಂದು. ಆಮೇಲೆ ಮನೆಯಲ್ಲಿ ನೋಡುವ ಆವೃತ್ತಿಗೆ ಅದನ್ನು ಸೇರಿಸಿದರು ಅನ್ನಿ. ಇನ್ನೂ ಒಂದು ತೊಂದರೆ ಇದೆ, ಅದು ಆಮೇಲೆ ಗೊತ್ತಾಯಿತು. ಸಿನಿಮಾ ನೋಡಿ ಸ್ಟೇಡಿಯಂಗೆ ಹೋದರೆ ಮುಂದೆ ಏನು ಬರುತ್ತೆ ಅಂತ ನಿಮಿಷ ಲೆಕ್ಕದಲ್ಲಿ ಗೊತ್ತಿರುತ್ತದೆ. ವೇದಿಕೆಯ ನೆಲದಿಂದ ಆಕೆ ಎದ್ದು ಬರುವ ಆ ಮೊದಲ ಕ್ಷಣ ನನಗೆ ಎರಡನೇ ಸಲದ್ದಾಗಿತ್ತು. ಪಕ್ಕದಲ್ಲಿದ್ದ ಅತ್ತಿಗೆ ಸಿನಿಮಾ ನೋಡಿರಲಿಲ್ಲ, ಅವರು ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನಾನು ಅವರನ್ನು ನೋಡುತ್ತಾ ಹೊಟ್ಟೆ ಉರಿದುಕೊಂಡೆ.

ಇನ್ನು ಸ್ಟೇಡಿಯಂ. ಟಿಕೆಟ್ ಸಿಕ್ಕಿದ್ದು ಅತ್ತಿಗೆಯಿಂದಲೇ, ಅವರು ಸಿಂಗಪುರದಲ್ಲೇ ಕೆಲಸದಲ್ಲಿದ್ದಾರೆ, 2023ರ ಜುಲೈನಲ್ಲಿ ಮಾರಾಟ ತೆರೆದಾಗ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನಿಂದ ಆನ್‌ಲೈನ್ ಕ್ಯೂನಲ್ಲಿ ಕಾದಿದ್ದರು. ಶೋ ಇದ್ದದ್ದು ಮುಂದಿನ ಮಾರ್ಚ್‌ಗೆ. ಎಂಟು ತಿಂಗಳು ಮುಂಚೆ ಟಿಕೆಟ್ ತಗೊಳ್ಳೋದು ಅಂದರೆ ಯಾವ ಶೋ ನೋಡುತ್ತೇವೆ ಅಂತ ಗೊತ್ತಿಲ್ಲದೇ ತಗೊಳ್ಳೋದು. ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ವೇದಿಕೆಯ ಮೇಲೆ ಹೊಸ ಆಲ್ಬಮ್ ಘೋಷಿಸಿದಳು: 'ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್', ಏಪ್ರಿಲ್ 19ಕ್ಕೆ. ನಮ್ಮ ಶೋ ಅದಕ್ಕಿಂತ ಮುಂಚೆ. ಅಡುಗೆ ಮನೆಯಿಂದ ಘಮ ಬರ್ತಿದೆ, ಊಟಕ್ಕೆ ಮುಂಚೆಯೇ ನಮ್ಮನ್ನು ಎಬ್ಬಿಸಿ ಕಳಿಸಿದರು, ಆ ಥರ.

ನಮ್ಮ ಸೀಟಿನಿಂದ ಆಕೆ ಹೆಬ್ಬೆರಳಿನ ಉಗುರಿನಷ್ಟು. ಸುಳ್ಳು ಹೇಳಲ್ಲ, ಮೊದಲ ಹತ್ತು ನಿಮಿಷ ಬೇಜಾರಾಯಿತು. ಕಣ್ಣು ತಾನಾಗೇ ಪರದೆ ಕಡೆ ಹೋಗುತ್ತದೆ, ಇಷ್ಟು ದೂರ ಬಂದು ಟೀವಿ ನೋಡುತ್ತಿದ್ದೇನಲ್ಲ ಅನ್ನಿಸುತ್ತದೆ. ಅದೂ ತುಟಿಗೂ ದನಿಗೂ ಹೊಂದದ ಟೀವಿ. ಬೆಳಕು ತಕ್ಷಣ ಬರುತ್ತೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ ಓಡೋದು, ನೂರು ಮೀಟರ್ ಆಚೆ ಕೂತರೆ ಸೆಕೆಂಡಿನ ಮೂರನೇ ಒಂದು ಭಾಗ ತಡ. ಅಷ್ಟು ಸಾಕು, ಡಬ್ಬಿಂಗ್ ಸಿನಿಮಾ ಅನ್ನಿಸೋಕೆ. ಮೇಲೆ ಗುಮ್ಮಟದಂಥ ಚಾವಣಿ, ಡ್ರಮ್ ಸದ್ದು ಅಲ್ಲಿ ತಾಗಿ ಇನ್ನೊಂದು ಸಲ ಬರುತ್ತದೆ. ಬರೀ ದನಿಯ ಗುಣ ನೋಡಿದರೆ ಥಿಯೇಟರ್ ಗೆದ್ದಿತು, ಅದರಲ್ಲಿ ಮಾತೇ ಇಲ್ಲ.

ಆದರೆ ಮೇಲಿನ ಸೀಟಿಗೆ ಒಂದು ಗುಟ್ಟಿದೆ. ವೇದಿಕೆಯ ನೆಲವೇ ಒಂದು ಪರದೆ. ಮೈದಾನದ ಉದ್ದಕ್ಕೂ ಹರಡಿದ ಆ ದಾರಿಯ ಮೇಲೆ ಚಿತ್ರಗಳು ಓಡುತ್ತಿರುತ್ತವೆ, ಕೆಳಗೆ ಕುರ್ಚಿಯಲ್ಲಿ ಕೂತವರಿಗೆ ಅದು ಸರಿಯಾಗಿ ಕಾಣೋದೇ ಇಲ್ಲ. ಕೊನೇ ಭಾಗಕ್ಕೆ ಮುಂಚೆ ಆಕೆ ವೇದಿಕೆಯಲ್ಲಿರುವ ತೂತಿನೊಳಗೆ ಬಾವಿಗೆ ಹಾರಿದ ಹಾಗೆ ಧುಮುಕುತ್ತಾಳೆ, ಆಮೇಲೆ ಆಕೆ ನೆಲದ ಒಳಗೆ ಈಜಿಕೊಂಡು ಈ ತುದಿಯಿಂದ ಆ ತುದಿಗೆ ಹೋದ ಹಾಗೆ ಚಿತ್ರ ಸಾಗುತ್ತದೆ. ಸಿನಿಮಾದಲ್ಲಿ ಇದನ್ನು ನೋಡಿದ್ದೆ. ಆದರೂ ಐವತ್ತು ಸಾವಿರ ಜನ ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು ಯಾವ ಸ್ಪೀಕರ್‌ನಲ್ಲೂ ಬರಲ್ಲ. ಬಾಗಿಲಲ್ಲಿ ಎಲ್ಲರಿಗೂ ಕೊಟ್ಟ ರಿಸ್ಟ್‌ಬ್ಯಾಂಡ್‌ಗಳದ್ದೂ ಅದೇ ಕಥೆ. ಕೆಳಗಿದ್ದರೆ ಅಕ್ಕಪಕ್ಕದ ನಾಲ್ಕು ಕೈ ಮಿನುಗೋದು ಕಾಣುತ್ತೆ. ಮೇಲಿಂದ ಇಡೀ ಸ್ಟೇಡಿಯಂ ಒಂದೇ ಪ್ರಾಣಿ, ಬಣ್ಣ ಬದಲಿಸುತ್ತಾ ಉಸಿರಾಡುತ್ತಿರೋ ಹಾಗೆ.

'ಲಾಂಗ್ ಲಿವ್' ಅಲ್ಲಿ ಹಾಡಿದಳು. ಬೈನಾಕ್ಯುಲರ್ ಕೆಳಗಿಟ್ಟು, ಫೋನ್ ಒಳಗಿಟ್ಟು, ಗಂಟಲು ಕಿತ್ತುಹೋಗುವ ಹಾಗೆ ಹಾಡಿದೆ. ಈ ಒಂದು ಹಾಡು ಮೂರರಲ್ಲಿ ಸ್ಟೇಡಿಯಂ ಮಾತ್ರ ಕೊಟ್ಟಿದ್ದು.

ಒಂದು ಮಾತು, ಇಯರ್‌ಪ್ಲಗ್ ತಗೊಂಡು ಹೋಗಿ. ಇಂಥ ಜಾಗಗಳಲ್ಲಿ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ, ಆದರೆ ನಿಮ್ಮ ಕಿವಿ ಪಕ್ಕ ಕಿರುಚುವ ಹುಡುಗಿ ಅದನ್ನು ಓದಿರಲ್ಲ. ನಾನು ಒಯ್ದಿರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಕಿವಿಯಲ್ಲಿ ಜೀರುಂಡೆ.

ಈಗ ಫೋನ್. ಏಪ್ರಿಲ್‌ನಲ್ಲಿ ಆಲ್ಬಮ್ ಬಂತು, 16 ಹಾಡು ಅಂದುಕೊಂಡರೆ ಎರಡು ಗಂಟೆ ಬಿಟ್ಟು ಇನ್ನೂ 15 ಸುರಿದಳು. ಮೇ 9ಕ್ಕೆ ಪ್ಯಾರಿಸ್‌ನಲ್ಲಿ ಯುರೋಪ್ ಶೋಗಳು ಶುರು. ಏನೋ ಬದಲಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ನಡುರಾತ್ರಿ ಫೋನ್ ಹಿಡಿದು ಕೂತೆ. ಚಿತ್ರ ಕೆಟ್ಟದು. ದನಿ ಇನ್ನೂ ಕೆಟ್ಟದು, ಬೇಸ್ ಬಂದಾಗೆಲ್ಲ ಫೋನು ಕೆಮ್ಮಿದ ಹಾಗೆ. ಲೈವ್ ಮಧ್ಯದಲ್ಲೇ ಎರಡು ಸಲ ಸತ್ತುಹೋಯಿತು, ಬೇರೆಯವರ ಲೈವ್ ಹುಡುಕಿ ಓಡಿದೆ. ಆದರೆ ಮೂರರಲ್ಲಿ ನನ್ನ ಎದೆ ಅತಿ ಜೋರಾಗಿ ಹೊಡೆದುಕೊಂಡಿದ್ದು ಆ ರಾತ್ರಿ. ಮುಂದೇನು ಅಂತ ಯಾರಿಗೂ ಗೊತ್ತಿಲ್ಲ, ಸ್ಟೇಡಿಯಂನಲ್ಲಿ ಇರುವವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅವತ್ತು ಎಲ್ಲರೂ ಒಂದೇ ಸಾಲು. 'ಫೋಕ್‌ಲೋರ್', 'ಎವರ್‌ಮೋರ್' ಅನ್ನೋ ಎರಡು ಹಳೇ ಆಲ್ಬಮ್‌ಗಳ ಭಾಗ ಸೇರಿಸಿ ಒಂದು ಮಾಡಿದ್ದಳು. ಕೆಲವು ಹಾಡಿಗೆ ಕತ್ತರಿ ಬಿದ್ದಿತ್ತು. ಆಮೇಲೆ ಅಕ್ಷರ ಬರೆದ ಬಿಳಿ ಬಟ್ಟೆಯಲ್ಲಿ ಬಂದಳು. ಹೊಸ ಆಲ್ಬಮ್. ಕನ್ನಡಿ ಹಚ್ಚಿದ ಒಂದು ಪೆಟ್ಟಿಗೆಯ ಮೇಲೆ ನಿಂತು ಹಾಡುತ್ತಿದ್ದರೆ ಆ ಪೆಟ್ಟಿಗೆ ತಾನಾಗೇ ವೇದಿಕೆ ಉದ್ದಕ್ಕೂ ಜಾರಿಕೊಂಡು ಹೋಗುತ್ತಿತ್ತು. ನನ್ನ ಆರು ಇಂಚಿನ ಪರದೆಯಲ್ಲಿ ಅದು ಒಂದು ಚುಕ್ಕಿ, ಆದರೂ ಎದ್ದು ಕೂತೆ.

'ಲಾಂಗ್ ಲಿವ್' ಬರಲಿಲ್ಲ. ಕಾದೆ. ತೆಗೆದೇಬಿಟ್ಟಿದ್ದರು. ಅತ್ತಿಗೆಗೆ ಮೆಸೇಜ್ ಹಾಕಿದೆ, "ನಮ್ಮ ಹಾಡು ಹೋಯಿತು". ಅವರಲ್ಲಿ ಆಗ ಬೆಳಗಿನ ಜಾವ, ತಕ್ಷಣ ಉತ್ತರ ಬಂತು: "ನಾನೂ ನೋಡ್ತಿದೀನಿ ಕಣೋ".

ಪ್ರತಿ ಶೋನಲ್ಲೂ ಒಂದು ಹಾಡು ಗಿಟಾರ್ ಮೇಲೆ, ಒಂದು ಪಿಯಾನೋ ಮೇಲೆ, ಅವತ್ತಿಗೆ ಮಾತ್ರ ಅನ್ನೋ ಥರ ಹಾಡುತ್ತಾಳಲ್ಲ, ಆ ಎರಡಕ್ಕೆ ಫೋನ್ ಲೈವ್ ಸಾಕು. ವಾದ್ಯ ಒಂದೇ, ದನಿ ಒಂದೇ, ಫೋನ್ ಕೂಡ ಕೆಮ್ಮಲ್ಲ. ಪ್ಯಾರಿಸ್ ಆದ ಮೇಲೆ ನಾನು ಎಷ್ಟೋ ಊರಿನ ಆ ಎರಡು ಹಾಡು ನೋಡಿ ಮಲಗಿದ್ದೇನೆ. ಪೂರ್ತಿ ಶೋ ಫೋನ್‌ನಲ್ಲಿ ನೋಡಬೇಡಿ, ಕುತ್ತಿಗೆ ಹಿಡಿಯುತ್ತೆ.

ವ್ಯಾಂಕೂವರ್‌ನ ಕೊನೇ ಶೋ 2025ರ ಡಿಸೆಂಬರ್‌ನಲ್ಲಿ ಒಟಿಟಿಗೆ ಬಂತು, ಹೊಸ ಆಲ್ಬಮ್ ಭಾಗವೂ ಸೇರಿ. ಮನೆ ಟೀವಿಯಲ್ಲಿ ನೋಡಿದೆ. ಚೆನ್ನಾಗಿದೆ. ಪ್ಯಾರಿಸ್ ರಾತ್ರಿ ಚುಕ್ಕಿಯಾಗಿದ್ದ ಪೆಟ್ಟಿಗೆ ಈಗ ಸ್ಪಷ್ಟ, ಕನ್ನಡಿಯ ಅಂಚು ಕೂಡ ಕಾಣುತ್ತೆ. ಎದೆ ಮಾತ್ರ ಹೊಡೆದುಕೊಳ್ಳಲಿಲ್ಲ.

ಇನ್ನು ಯಾರಾದರೂ ಹೊಸ ಆಲ್ಬಮ್ ಹೊತ್ತುಕೊಂಡು ಟೂರ್ ಹೊರಟರೆ ನಾನು ಮಾಡೋದು ಇಷ್ಟು. ಸ್ಟೇಡಿಯಂಗೇ ಹೋಗುತ್ತೇನೆ, ಅಗ್ಗದ ಮೇಲಿನ ಸೀಟಿಗೆ, ಆಲ್ಬಮ್ ಬಂದ ಮೇಲಿನ ತಾರೀಖು ನೋಡಿ. ಅದಕ್ಕೆ ಮುಂಚೆ ಸಿನಿಮಾ ಬಂದರೂ ನೋಡಲ್ಲ, ವಿಡಿಯೋ ಬಂದರೆ ಬೆರಳು ಸರಿಸುತ್ತೇನೆ. ಮೊದಲ ರಾತ್ರಿಯ ಲೈವ್ ಮಾತ್ರ... ಅದನ್ನು ನೋಡದೇ ಇರೋಕೆ ಆಗುತ್ತಾ ಅಂತ ನನಗೇ ಅನುಮಾನ. ಅತ್ತಿಗೆ ಅಂತೂ ಈಗಲೇ ಹೇಳಿಬಿಟ್ಟಿದ್ದಾರೆ, ಅವರು ನೋಡ್ತಾರಂತೆ, ನನಗೆ ಏನೂ ಹೇಳಲ್ವಂತೆ.