ಕಾರ್ಡ್, ಗೂಗಲ್ ಡಾಕ್ಸ್, ಜೊಟೆರೊ: ಸಂಶೋಧನಾ ಪ್ರಬಂಧ ಬರೆಸುವಾಗ ಯಾವುದು ಕೈಹಿಡಿಯಿತು

ಮೊದಲು ಒಂದು ಪದ್ಧತಿಯನ್ನು ಪಕ್ಕಕ್ಕಿಟ್ಟುಬಿಡೋಣ. ಟಾಪಿಕ್ ಕೊಡುವುದು, ತಿಂಗಳ ಕೊನೆಗೆ ತಂದುಕೊಡಿ ಎನ್ನುವುದು, ಬಂದದ್ದರ ಮೇಲೆ ಕೆಂಪು ಪೆನ್ನು ಆಡಿಸುವುದು. ಇದನ್ನು ಹೋಲಿಕೆಗೆ ತಗೊಳ್ಳೋದೇ ಬೇಡ. ಇದರಲ್ಲಿ ಕಲಿಸುವ ಕೆಲಸ ಎಲ್ಲೂ ಇಲ್ಲ, ಇರುವುದು ಬರೀ ವಸೂಲಿ. ಪ್ರಬಂಧ ಹಿಂದಿನ ರಾತ್ರಿ ಹುಟ್ಟುತ್ತದೆ, ಮಕ್ಕಳು ಮಾರ್ಕ್ಸ್ ನೋಡಿ ಮಡಚಿ ಬ್ಯಾಗಿಗೆ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು.

ನಾನು ಹೋಲಿಸುತ್ತಿರುವುದು ತರಗತಿಯಲ್ಲೇ ಕೂರಿಸಿ ಹಂತ ಹಂತವಾಗಿ ಬರೆಸುವ ದಾರಿಗಳನ್ನು. ಅದರಲ್ಲೂ ಓದಿದ್ದನ್ನು ಬರೆದಿಟ್ಟುಕೊಳ್ಳುವ ಹಂತವನ್ನು. ಪ್ರಬಂಧ ಕೆಡುವುದೂ ಅಲ್ಲೇ, ಗೆಲ್ಲುವುದೂ ಅಲ್ಲೇ ಅನ್ನೋದು ನನ್ನ ಅಭಿಪ್ರಾಯ. ಬೇರೆ ಬೇರೆ ಬ್ಯಾಚ್‌ಗಳಲ್ಲಿ ಮೂರು ಬಗೆ ಬಳಸಿ ನೋಡಿದ್ದೇನೆ: ಕೈಯಲ್ಲಿ ಬರೆಯುವ ಇಂಡೆಕ್ಸ್ ಕಾರ್ಡ್, ಗೂಗಲ್ ಡಾಕ್ಸ್, ಆಕರಗಳನ್ನು ಸಂಗ್ರಹಿಸಿಡುವ ತಂತ್ರಾಂಶ ಜೊಟೆರೊ.

ಮೂರಕ್ಕೂ ಮುಂಚೆ ಪ್ರಶ್ನೆ ಗಟ್ಟಿಯಾಗಬೇಕು. "ಸೋಷಿಯಲ್ ಮೀಡಿಯಾದ ದುಷ್ಪರಿಣಾಮಗಳು" ಅಂತ ಬರೆದು ತಂದರೆ ಅದು ಭಾಷಣದ ತಲೆಬರಹ ಅಷ್ಟೇ. ಉತ್ತರ ಮೊದಲೇ ಗೊತ್ತಿದ್ದರೆ ಹುಡುಕುವುದಾದರೂ ಏನನ್ನು? "ಮಲಗುವ ಮುಂಚೆ ಫೋನ್ ನೋಡಿದರೆ ಹದಿಹರೆಯದವರ ನಿದ್ದೆ ಕೆಡುತ್ತದೆಯೇ, ಕೆಟ್ಟರೆ ಯಾವುದರಿಂದ?" ಅನ್ನುವಷ್ಟು ಸಣ್ಣದಾಗುವವರೆಗೂ ಬಿಡಬಾರದು. ಈ ಹಂತದಲ್ಲಿ ವಿಕಿಪೀಡಿಯ ಓದಲು ನನ್ನ ಅಡ್ಡಿಯೇನೂ ಇಲ್ಲ. ಓದಲಿ, ಕೆಳಗಿನ ಉಲ್ಲೇಖಗಳ ಬೆನ್ನು ಹತ್ತಿ ಮೂಲಕ್ಕೆ ಹೋಗಲಿ. ಪ್ರಬಂಧದಲ್ಲಿ ಮಾತ್ರ ಆ ಮೂಲದ ಹೆಸರೇ ಬರಬೇಕು.

ಇನ್ನು ಕಾರ್ಡ್. ಅಂಗಡಿಯಲ್ಲಿ ಸಿಗುವ 3 ಇಂಚು × 5 ಇಂಚಿನದು, ಇಲ್ಲದಿದ್ದರೆ ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೂ ಆಯಿತು. ಮೇಲಿನ ಮೂಲೆಯಲ್ಲಿ ಆಕರದ ಗುರುತು ಮತ್ತು ಪುಟ ಸಂಖ್ಯೆ. ನಡುವೆ ಒಂದೇ ಒಂದು ವಿಷಯ, ಸ್ವಂತ ಮಾತಿನಲ್ಲಿ. ಮೂಲದ ಮಾತನ್ನೇ ಎತ್ತಿಕೊಂಡಿದ್ದರೆ ಉದ್ಧರಣ ಚಿಹ್ನೆ ಕಡ್ಡಾಯ. ಕೆಳಗೆ ಒಂದು ಸಾಲು: ಇದು ನನ್ನ ಪ್ರಶ್ನೆಗೆ ಏನು ಹೇಳುತ್ತದೆ? ಈ ಕೊನೆಯ ಸಾಲೇ ಮಕ್ಕಳಿಗೆ ಕಷ್ಟ. "ಇದು ಮುಖ್ಯವಾದ ಅಂಶ" ಅಂತ ಬರೆದು ತಪ್ಪಿಸಿಕೊಳ್ಳಲು ನೋಡುತ್ತಾರೆ. ಯಾಕೆ ಮುಖ್ಯ ಅಂತ ಕೇಳಿದರೆ ಮತ್ತೆ ಆ ಲೇಖನ ಬಿಡಿಸಲೇಬೇಕು.

ಕಾರ್ಡಿನ ದೊಡ್ಡ ಗುಣ ಅಂದರೆ ಅದರಲ್ಲಿ ಜಾಗ ಇಲ್ಲದಿರುವುದು. ಇಡೀ ಪ್ಯಾರಾ ಹಿಡಿಸುವುದಿಲ್ಲ, ಹಾಗಾಗಿ ಓದಿ, ಅರ್ಥ ಮಾಡಿಕೊಂಡು, ಚಿಕ್ಕದು ಮಾಡಲೇಬೇಕು. ಇನ್ನೊಂದು ಗುಣ, ಕಾರ್ಡುಗಳನ್ನು ಮೇಜಿನ ಮೇಲೆ ಹರಡಬಹುದು. ಆ ನಿದ್ದೆಯ ಪ್ರಶ್ನೆ ಹಿಡಿದಿದ್ದ ಹುಡುಗಿ ಒಂದು ದಿನ ಎಲ್ಲವನ್ನೂ ಹರಡಿಕೊಂಡು ಕೂತಿದ್ದಳು. ಒಂದು ಕಾರ್ಡಿನಲ್ಲಿ, ಪರದೆಯ ನೀಲಿ ಬೆಳಕು ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಅದಕ್ಕೇ ನಿದ್ದೆ ತಡ ಅಂತಿತ್ತು. ಇನ್ನೊಂದರಲ್ಲಿ, ಬೆಳಕಿಗಿಂತ ಫೋನಿನಲ್ಲಿ ನೋಡುವ ವಿಷಯವೇ ಮನಸ್ಸನ್ನು ಎಚ್ಚರವಾಗಿಡುತ್ತದೆ ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿನಿಂದ ಒಂದನ್ನು ಸ್ವಲ್ಪ ಆಚೆ ತಳ್ಳಿ, "ಸರ್, ಇವರಿಬ್ಬರಿಗೂ ಆಗಿಬರಲ್ಲ ಅಲ್ವಾ?" ಅಂದಳು. ಪ್ರಬಂಧದ ವಾದ ಸಿಕ್ಕಿದ್ದೇ ಅಲ್ಲಿ. ನಾನು ಬಾಯಿ ಬಿಡಬೇಕಾಗಿಯೇ ಬರಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಕಾರ್ಡ್ ಕಳೆದುಹೋಗುತ್ತದೆ. ಕೆಲವರ ಅಕ್ಷರ ಅವರಿಗೇ ಓದಲು ಬರುವುದಿಲ್ಲ. ಪ್ರತಿ ಕಾರ್ಡಿನಲ್ಲೂ ಪೂರ್ತಿ ವಿವರ ಬರೆಯಲು ಬೇಜಾರು. ಅದಕ್ಕೆ ಪ್ರತಿ ಆಕರಕ್ಕೂ ಒಂದು ಬೇರೆ ಕಾರ್ಡ್ ಮಾಡಿಸಿ, ಲೇಖಕರು, ಶೀರ್ಷಿಕೆ, ವರ್ಷ, ಎಲ್ಲಿ ಸಿಕ್ಕಿತು ಎಲ್ಲ ಬರೆಸಿ, ಅದಕ್ಕೆ ಕ, ಖ, ಗ ಅಂತ ಗುರುತು ಕೊಡಿಸುತ್ತೇನೆ. ಟಿಪ್ಪಣಿ ಕಾರ್ಡಿನಲ್ಲಿ "ಖ, ಪುಟ 14" ಅಂತಿದ್ದರೆ ಸಾಕು.

ಗೂಗಲ್ ಡಾಕ್ಸ್‌ನಲ್ಲಿ ಟಿಪ್ಪಣಿ ಮಾಡಿಸಿದಾಗ ಬೇಗ ಆಗುತ್ತದೆ, ಅದೇ ಅದರ ಕಾಯಿಲೆ. ಕಾಪಿ, ಪೇಸ್ಟ್, ಮುಂದಿನದು. ಪುಟಗಟ್ಟಲೆ ಸೇರುತ್ತದೆ, ನೋಡಲು ಜಾಸ್ತಿ ಕೆಲಸ ಆದಂತೆ ಕಾಣುತ್ತದೆ. ಒಂದು ವಾರ ಕಳೆದ ಮೇಲೆ ಯಾವ ಸಾಲು ತನ್ನದು, ಯಾವುದು ಲೇಖಕರದು ಅಂತ ಬರೆದವನಿಗೇ ಗೊತ್ತಿರುವುದಿಲ್ಲ. ಕೃತಿಚೌರ್ಯ ಅಂತ ನಾವು ಬೈಯುವುದರಲ್ಲಿ ಅರ್ಧಕ್ಕರ್ಧ ಹೀಗೆ ಹುಟ್ಟಿದ್ದು ಅನ್ನಿಸುತ್ತದೆ. ಕದಿಯುವ ಉದ್ದೇಶ ಇರುವುದಿಲ್ಲ, ಗಡಿ ಅಳಿಸಿಹೋಗಿರುತ್ತದೆ.

ಆದರೆ ಕರಡು ಬರೆಯಲು ಡಾಕ್ಸ್‌ಗೆ ಸಾಟಿ ಇಲ್ಲ. ಪ್ಯಾರಾ ಹಿಂದೆಮುಂದೆ ಮಾಡಬಹುದು, ಪಕ್ಕದಲ್ಲಿ ಕಾಮೆಂಟ್ ಹಾಕಬಹುದು, ವರ್ಷನ್ ಹಿಸ್ಟರಿ ತೆರೆದರೆ ಬರಹ ಹೇಗೆ ಬೆಳೆಯಿತು ಅಂತ ಕಾಣುತ್ತದೆ. ಅದನ್ನು ಪೊಲೀಸ್ ಕೆಲಸಕ್ಕೆ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ಕಡೆ ಟೈಪ್ ಮಾಡಿ ತಂದು ಅಂಟಿಸುವವರೂ ಇರುತ್ತಾರೆ.

ಜೊಟೆರೊ ಬಗ್ಗೆ ಹೆಚ್ಚು ಹೇಳುವುದಿಲ್ಲ. 2006ರಿಂದ ಇದೆ, ಉಚಿತ, ಬ್ರೌಸರ್‌ನಲ್ಲಿ ಒಂದು ಬಟನ್ ಒತ್ತಿದರೆ ಲೇಖನದ ವಿವರ ಬಂದು ಕೂರುತ್ತದೆ. ಉಲ್ಲೇಖ ಬರೆಯುವ ಶೈಲಿ ಎಂಎಲ್‌ಎ ಬೇಕೋ ಎಪಿಎ ಬೇಕೋ, ಆಕರಪಟ್ಟಿ ತಾನೇ ಮಾಡಿಕೊಡುತ್ತದೆ. ಶಾಲಾ ಮಕ್ಕಳ ಕೈಗೆ ಕೊಟ್ಟರೆ ಮಾತ್ರ ರಾಶಿ ಹಾಕುವುದೇ ಓದು ಅಂದುಕೊಳ್ಳುತ್ತಾರೆ. ಬೇಕಾದಷ್ಟು ಲೇಖನ ಒಳಗೆ ಬಂದಿರುತ್ತವೆ, ಒಂದನ್ನೂ ತೆರೆದಿರುವುದಿಲ್ಲ. ತಾನಾಗಿ ತುಂಬಿಕೊಂಡ ವಿವರದಲ್ಲಿ ಲೇಖಕರ ಹೆಸರೇ ಬಿಟ್ಟುಹೋಗಿರುವುದೂ ಉಂಟು, ಅದನ್ನು ಯಾರೂ ನೋಡುವುದಿಲ್ಲ. ಕಾಲೇಜು ಮಟ್ಟದಲ್ಲಿ, ಆಕರ ಹತ್ತಾರು ಆದಾಗ ಬೇಕೇ ಬೇಕು. ಅದಕ್ಕೂ ಚಿಕ್ಕವರು ಕೈಯಲ್ಲೇ ಬರೆಯಲಿ ಬಿಡಿ.

ಚಾಟ್‌ಜಿಪಿಟಿ ಯಾಕೆ ಈ ಪಟ್ಟಿಯಲ್ಲಿಲ್ಲ ಅಂತ ಕೇಳುವವರಿದ್ದಾರೆ. ಪ್ರಶ್ನೆ ಚಿಕ್ಕದು ಮಾಡುವಾಗ ಅದರ ಜೊತೆ ಹರಟಲಿ, ಪರವಾಗಿಲ್ಲ. ಆಕರ ಹುಡುಕಲು ಬೇಡ, ಇಲ್ಲದ ಲೇಖನವನ್ನು ಇದೆ ಅಂತ ಧೈರ್ಯವಾಗಿ ಹೇಳಿಬಿಡುತ್ತದೆ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರೇ ಅದು ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಯಂತ್ರ ಬರೆದದ್ದನ್ನು ಪತ್ತೆ ಹಚ್ಚುವ ತಂತ್ರಾಂಶ ನಂಬೋಣ ಅಂದರೆ ಅದೂ ಅಷ್ಟಕ್ಕಷ್ಟೇ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತಾನೇ 2023ರ ಜನವರಿಯಲ್ಲಿ ಬಿಟ್ಟಿದ್ದ ಪತ್ತೆ ಸಾಧನವನ್ನು, ನಿಖರತೆ ಸಾಲದು ಅಂತ ಜುಲೈನಲ್ಲಿ ವಾಪಸ್ ತಗೊಂಡಿತು. ಇದಕ್ಕಿಂತ ಕೈಬರಹದ ಕಾರ್ಡ್ ಕಟ್ಟು ಎಷ್ಟೋ ವಾಸಿ. ಒಂದು ಕಾರ್ಡ್ ಎತ್ತಿ "ಇದನ್ನು ಯಾಕೆ ಬರೆದುಕೊಂಡೆ?" ಅಂದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ತಿದ್ದುವ ವಿಷಯದಲ್ಲೂ ಹೀಗೇ. ಅಂಚಿನಲ್ಲಿ ಉದ್ದುದ್ದ ಬರೆಯುವುದಕ್ಕಿಂತ ಪಕ್ಕದಲ್ಲಿ ಕೂರಿಸಿಕೊಂಡು ಐದು ನಿಮಿಷ ಮಾತಾಡುವುದು ಮೇಲು. ಸಹಪಾಠಿಗಳಿಗೆ ಓದಲು ಕೊಟ್ಟರೆ "ಚೆನ್ನಾಗಿದೆ" ಅಂದು ಎರಡು ಕಾಗುಣಿತ ತಿದ್ದಿ ವಾಪಸ್ ಕೊಡುತ್ತಾರೆ. ಸುಮ್ನೆ ಓದು ಅನ್ನದೆ, "ಪ್ರತಿ ಪ್ಯಾರಾದ ಪಕ್ಕ ಅದು ಪ್ರಶ್ನೆಗೆ ಏನು ಉತ್ತರ ಕೊಡುತ್ತದೆ ಅಂತ ಒಂದು ಸಾಲು ಬರೆ" ಎಂದು ಒಂದೇ ಕೆಲಸ ಕೊಟ್ಟರೆ ಉಪಯೋಗಕ್ಕೆ ಬರುತ್ತದೆ. ಬರೆಯಲು ಏನೂ ತೋಚದ ಪ್ಯಾರಾ ಯಾವುದೋ, ಅದು ಹೋಗಬೇಕಾದ ಪ್ಯಾರಾ.

ದೊಡ್ಡ ತರಗತಿಯಲ್ಲಿ ಇದೆಲ್ಲ ಆಗುತ್ತದಾ? ಎಲ್ಲ ಕಾರ್ಡ್ ನೋಡಲು ಆಗುವುದಿಲ್ಲ, ಒಬ್ಬೊಬ್ಬರದು ಮೂರು ನೋಡುತ್ತೇನೆ, ಆರಿಸುವುದು ನಾನೇ. ಕೊನೆಯ ಪ್ರತಿಗೆ ಒಟ್ಟು ಮಾರ್ಕ್ಸ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಇಟ್ಟು, ಉಳಿದದ್ದನ್ನು ಪ್ರಶ್ನೆ, ಕಾರ್ಡ್, ಮೊದಲ ಕರಡಿಗೆ ಹಂಚಿದ್ದೇನೆ. ಕಾರ್ಡ್ ಕಟ್ಟು ಇಲ್ಲದೆ ಬರೀ ಪ್ರಬಂಧ ತಂದರೆ ತಗೊಳ್ಳುವುದಿಲ್ಲ ಅಂತ ಮೊದಲ ಪೀರಿಯಡ್‌ನಲ್ಲೇ ಹೇಳಿರುತ್ತೇನೆ.