ಮೋಟಾರ್ ಅಳೆಯುವುದೋ, ಬ್ಯಾಟರಿ ತೂಗುವುದೋ: ಆರ್‌ಸಿ (ರಿಮೋಟಿನಿಂದ ಓಡುವ) ಬೋಟ್ ರೇಸಿಗೆ ನಾವು ಮಾಡಿ ನೋಡಿದ ಮೂರು ನಿಯಮ

ಮೊದಲೇ ಹೇಳಿಬಿಡುತ್ತೇನೆ, ನಾನು ಬ್ಯಾಟರಿ ತೂಗುವ ಪಕ್ಷದವನು. ಮೂರನ್ನೂ ಒಂದೇ ಕಣ್ಣಿನಿಂದ ನೋಡಿ ಬರೆದಿದ್ದೇನೆ ಅಂತ ಯಾರೂ ತಿಳಿದುಕೊಳ್ಳಬೇಡಿ. ಸುಟ್ಟುಹೋದ 60 ಆಂಪಿಯರಿನ ಇಎಸ್‌ಸಿ (ಮೋಟಾರಿನ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಸಾಧನ) ಒಂದು ಈಗಲೂ ನನ್ನ ಮೇಜಿನ ಮೇಲೆ ಕರೆಂಟ್ ಬಿಲ್ ಹಾರಿಹೋಗದ ಹಾಗೆ ಕೂತಿದೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಾವು ಉಡುಪಿ ಕಡೆಯ ಆರು ಜನ. ನಾನು, ನನ್ನ ಭಾವ, ಮಣಿಪಾಲದಲ್ಲಿ ಓದುವ ಇಬ್ಬರು ಹುಡುಗರು, ಬ್ಯಾಂಕಿನವರೊಬ್ಬರು, ಮತ್ತೆ ಮಲ್ಪೆಯಲ್ಲಿ ಮೀನುಗಾರಿಕೆ ಬೋಟಿನ ಎಂಜಿನ್ ರಿಪೇರಿ ಮಾಡುವ ಅಣ್ಣ. ದೀಪಾವಳಿ ಕಳೆದ ಮೇಲೆ ಮಳೆ ಶುರುವಾಗುವವರೆಗೆ, ಭಾನುವಾರ ಬೆಳಿಗ್ಗೆ, ಹಿರಿಯಡ್ಕದ ಹತ್ತಿರ ಪರಿಚಯದವರ ತೋಟದ ಮದಗದಲ್ಲಿ ಬೋಟ್ ಬಿಡುತ್ತೇವೆ. ಉದ್ಯಾವರ ಹೊಳೆ ಹತ್ತಿರವೇ ಉಂಟು, ಆದರೆ ಉಪ್ಪುನೀರು. ಒಂದು ಸಲ ಬಿಟ್ಟು ಬಂದು ತೊಳೆಯದೆ ಇಟ್ಟರೆ ಮುಂದಿನ ವಾರ ಬೇರಿಂಗ್ ಕರಕರ ಅನ್ನುತ್ತದೆ.

ಮೊದಮೊದಲು ನಮಗೆ ನಿಯಮವೇ ಇರಲಿಲ್ಲ. ಯಾರ ಮೋಟಾರ್ ದೊಡ್ಡದೋ ಅವರು ಮುಂದೆ. ಮೂರು ವಾರಕ್ಕೇ ಬೇಜಾರು ಬಂತು. ಕಂಬಳದಲ್ಲೇ ನೇಗಿಲು ಕಿರಿಯ ವಿಭಾಗದ ಕೋಣದ ಜೋಡಿಯನ್ನು ಹಗ್ಗ ಹಿರಿಯ ವಿಭಾಗದ ಜೋಡಿಯ ಎದುರು ಓಡಿಸುವುದಿಲ್ಲ, ಇನ್ನು ನಮ್ಮ ಆಟಿಕೆ ಬೋಟಿಗೆ ಒಂದು ವಿಭಾಗ ಬೇಡವಾ ಅಂತ ಭಾವ ಶುರು ಮಾಡಿದ. ಅಲ್ಲಿಂದ ಎರಡು ಸೀಸನ್ ಇದೇ ತಲೆನೋವು.

ಮೊದಲ ನಿಯಮ ಕೇಳಲಿಕ್ಕೆ ತುಂಬಾ ಚಂದ: ಎಲ್ಲರಿಗೂ ಒಂದೇ ಮೋಟಾರ್. 36 ಮಿಲಿಮೀಟರ್ ದಪ್ಪ, 60 ಉದ್ದ, 2000 ಕೆವಿ, ಒಂದೇ ಕಂಪನಿಯದ್ದು. 3 ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, 40 ಮಿಲಿಮೀಟರ್ ಪ್ರೊಪೆಲ್ಲರ್. ಹೊಸಬರಿಗೆ ಒಂದು ಮಾತು: ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ, ಖಾಲಿ ತಿರುಗುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ಪೂರ್ತಿ ಚಾರ್ಜ್ ಆದ 3 ಸೆಲ್ 12.6 ವೋಲ್ಟ್ ಕೊಡುತ್ತದೆ, ಹಾಗಾದರೆ 25,200 ಸುತ್ತು. ನೀರಿಗಿಳಿದರೆ ಅಷ್ಟು ಬರುವುದಿಲ್ಲ ಅನ್ನಿ.

ಆನ್‌ಲೈನ್ ಅಂಗಡಿಯಲ್ಲಿ ಆಗ ಇದ್ದದ್ದೇ ನಾಲ್ಕು ಮೋಟಾರ್. ಭಾವ, ಹುಡುಗರಿಬ್ಬರು, ಮಲ್ಪೆಯ ಅಣ್ಣ ತೆಗೆದುಕೊಂಡರು. ನಾನು ಮತ್ತು ಬ್ಯಾಂಕಿನವರು ಎರಡು ತಿಂಗಳು ಕಾದೆವು. ಮತ್ತೆ ಸ್ಟಾಕ್ ಬಂತು, ಸಾಗಾಣಿಕೆ ಎಲ್ಲ ಸೇರಿ ತಲಾ 2,900 ರೂಪಾಯಿ. ಅದೇ ಡಬ್ಬಿ, ಅದೇ ನೀಲಿ ಬಣ್ಣ, ಅದೇ 2000 ಕೆವಿ ಸ್ಟಿಕ್ಕರ್.

ಮೊದಲ ಭಾನುವಾರ ನಾನೇ ಗೆದ್ದೆ. ಎರಡನೆಯದ್ದೂ ನಾನೇ. ತಿರುವಿನಲ್ಲಿ ನಾನು ಹೇಗೆ ಓಡಿಸುತ್ತೇನೆ ಅಂತ ನನಗೇ ಗೊತ್ತು, ತಿರುವಿನ ಗುರುತಿಗೆ ತೇಲಿಬಿಟ್ಟ ಬೋಯೆಯಿಂದ ಎರಡು ಮಾರು ದೂರ ಹೋಗಿ ತಿರುಗುತ್ತೇನೆ. ಆದರೂ ನೇರ ದಾರಿಯಲ್ಲಿ ಎಲ್ಲರನ್ನೂ ದಾಟಿ ಹೋಗುತ್ತಿದ್ದೆ. ಆ ಹದಿನೈದು ದಿನ ನಾನು ಮನೆಯಲ್ಲಿ ಮಾತಾಡಿದ ರೀತಿ ನೆನೆಸಿದರೆ ಈಗ ನಾಚಿಕೆ ಆಗುತ್ತದೆ. ಮೂರನೇ ಭಾನುವಾರ ಎರಡನೇ ಸ್ಥಾನಕ್ಕೆ ಬಂದದ್ದು ಬ್ಯಾಂಕಿನವರು. ಆಗ ಉಳಿದ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎಂತ ಮಾರಾಯ್ರೆ, ಹೊಸ ಮೋಟಾರಿನವರು ಇಬ್ಬರೇ ಮುಂದೆ ಹೋಗುವುದು?” ಅಂದ ಭಾವ. ನಗುತ್ತಲೇ ಅಂದದ್ದು. ಆದರೆ ಭಾವನವರ ನಗು ಎಂಥದ್ದು ಅಂತ ತಂಗಿಯನ್ನು ಕೊಟ್ಟವರಿಗೆ ಗೊತ್ತಿರುತ್ತದೆ.

ನಾಲ್ಕನೇ ಭಾನುವಾರ ಮೂರನೇ ಸುತ್ತಿನಲ್ಲಿ ನನ್ನ ಬೋಟಿನಿಂದ ಬಿಳಿ ಹೊಗೆ ಬಂತು. ಮದಗದ ನಡುವೆ ನಿಂತಿತು. ದಡಕ್ಕೆ ಎಳೆದು ಮುಚ್ಚಳ ತೆಗೆದರೆ ಇಎಸ್‌ಸಿ ಕರಕಲು. ಮೋಟಾರಿನ ಮೇಲೆ ಬೆರಳಿಡಲಿಕ್ಕೆ ಆಗುತ್ತಿರಲಿಲ್ಲ.

ಮಲ್ಪೆಯ ಅಣ್ಣ ಜಾಸ್ತಿ ಮಾತಾಡುವವರಲ್ಲ. “ಸ್ಟಿಕ್ಕರ್ ಎಂತ ಬೇಕಾದರೂ ಹೇಳ್ತದೆ, ತಿರುಗಿಸಿ ನೋಡುವ” ಅಂದರು. ಅದೇ ಸಂಜೆ ಅವರ ಶೆಡ್ಡಿಗೆ ಹೋದೆವು. ನಮ್ಮದು ಬ್ರಷ್‌ಲೆಸ್, ಅಂದರೆ ಒಳಗೆ ಬ್ರಷ್ ಇಲ್ಲದ ಮೋಟಾರ್. ಅದನ್ನು ಹೊರಗಿನಿಂದ ತಿರುಗಿಸಿದರೆ ಅದು ಡೈನಮೋ ಆಗುತ್ತದೆ, ಅಷ್ಟೇ ಗುಟ್ಟು. ಮೋಟಾರಿನ ಶಾಫ್ಟನ್ನು ಡ್ರಿಲ್ ಮೆಷಿನ್ನಿನ ಬಾಯಿಗೆ ಕಚ್ಚಿಸಬೇಕು. ಮೂರು ವಯರುಗಳಲ್ಲಿ ಯಾವುದಾದರೂ ಎರಡಕ್ಕೆ ಮಲ್ಟಿಮೀಟರ್ ಹಿಡಿಯಬೇಕು, ಎಸಿಯಲ್ಲಿ. ಡ್ರಿಲ್ಲಿನ ಸುತ್ತನ್ನು, ಬಂದ ವೋಲ್ಟನ್ನು 1.414ರಿಂದ ಗುಣಿಸಿದ ಸಂಖ್ಯೆಯಿಂದ ಭಾಗಿಸಿದರೆ ಹೆಚ್ಚುಕಮ್ಮಿ ಕೆವಿ ಸಿಗುತ್ತದೆ.

ಇಲ್ಲೊಂದು ಎಡವಟ್ಟು ಆಯಿತು. ನನ್ನ 250 ರೂಪಾಯಿಯ ಹಳದಿ ಮೀಟರಿನಲ್ಲಿ ಎಸಿ ಶುರುವಾಗುವುದೇ 200 ವೋಲ್ಟಿನ ರೇಂಜಿನಿಂದ. ಹಳೇ ಮೋಟಾರಿಗೆ 0.9 ತೋರಿಸಿತು, ಹೊಸದಕ್ಕೆ 0.8. ಅದು 0.1ರ ಲೆಕ್ಕದಲ್ಲೇ ಹಾರುವ ಮೀಟರ್, ಅದರ ಮೇಲೆ ಯಾರನ್ನು ಕಳ್ಳ ಅನ್ನುವುದು? ಅಣ್ಣ ಒಳಗಿನಿಂದ ತನ್ನ ಒಳ್ಳೆಯ ಮೀಟರ್ ತಂದರು. ಡ್ರಿಲ್ ಮೇಲೆ ಬರೆದಿದ್ದ 2800 ಅನ್ನೂ ಅವರು ನಂಬಲಿಲ್ಲ, ಸುತ್ತು ಅಳೆಯುವ ಟ್ಯಾಕೋಮೀಟರ್ ಹಿಡಿದರು. 2760 ಬಂತು. ಭಾವನ ಮೋಟಾರ್ 0.97 ವೋಲ್ಟ್ ಕೊಟ್ಟಿತು, ಅಂದರೆ 2010ರ ಆಸುಪಾಸು. ನನ್ನದು 0.84. ಲೆಕ್ಕ ಹಾಕಿದರೆ 2320.

300 ಸುತ್ತು ತಾನೇ, ಅದಕ್ಕೆಂತ ಅಂತ ನಾನೂ ಅಂದುಕೊಂಡೆ. ಆದರೆ ನೀರಿನಲ್ಲಿ ಪ್ರೊಪೆಲ್ಲರ್ ಕೇಳುವ ಶಕ್ತಿ ಸುತ್ತಿನ ಘನದ ಲೆಕ್ಕದಲ್ಲಿ ಏರುತ್ತದೆ. ಸುತ್ತು ನೂರಕ್ಕೆ ಹದಿನೈದು ಜಾಸ್ತಿಯಾದರೆ ಶಕ್ತಿ ಹತ್ತಿರ ಹತ್ತಿರ ಒಂದೂವರೆ ಪಟ್ಟು ಬೇಕು. ಅದೇ ಬ್ಯಾಟರಿಯಿಂದ ಅಷ್ಟೂ ಕರೆಂಟ್ ಎಳೆದದ್ದು ನನ್ನ 60 ಆಂಪಿಯರ್ ಇಎಸ್‌ಸಿಯ ಮೂಲಕ. ಅದು ಮೂರು ವಾರ ತಡೆದುಕೊಂಡದ್ದೇ ಪುಣ್ಯ.

ಅಂಗಡಿಯವರಿಗೆ ಬರೆದೆ. ಸ್ಟಿಕ್ಕರಿನ ಫೋಟೋ ಕಳಿಸಿ ಅಂದರು. ಕಳಿಸಿದೆ. “2000 ಎಂದೇ ಇದೆಯಲ್ಲ ಸರ್” ಅಂತ ಉತ್ತರ ಬಂತು. ಡ್ರಿಲ್, ಮೀಟರ್, 0.84 ಎಲ್ಲ ವಿವರಿಸಿದೆ. ಮೋಟಾರನ್ನು ಡ್ರಿಲ್ಲಿಗೆ ಹಾಕಿದ್ದರಿಂದ ವಾರಂಟಿ ಹೋಯಿತು ಅಂದರು! ಇಎಸ್‌ಸಿ 2,200, ಮೋಟಾರ್ 2,900, ಮತ್ತೆ ನಮ್ಮ ಗುಂಪಿನಲ್ಲಿ ನನಗೆ ಬಿದ್ದ ‘ಎಕ್ಸ್‌ಪ್ರೆಸ್’ ಅನ್ನುವ ಅಡ್ಡಹೆಸರು. ಅದಕ್ಕೆ ಬೆಲೆ ಕಟ್ಟಲಿಕ್ಕಾಗುವುದಿಲ್ಲ.

ಒಂದೇ ಮೋಟಾರ್ ನಿಯಮದ ನಿಜವಾದ ತೊಂದರೆ ಇದು. ಆ ಮೋಟಾರ್ ಮಾಡುವವರು ನಮ್ಮ ರೇಸಿಗಾಗಿ ಮಾಡುತ್ತಿಲ್ಲ. ಒಳಗಿನ ತಂತಿಯ ಸುತ್ತು ಬದಲಾಯಿಸುತ್ತಾರೆ, ಇಲ್ಲವೇ ಆ ಮಾದರಿಯನ್ನೇ ನಿಲ್ಲಿಸುತ್ತಾರೆ. ಅಮೆರಿಕದಲ್ಲಿ ಮಾದರಿ ಬೋಟ್ ರೇಸ್ ನಡೆಸುವ ನಂಬಾ ಸಂಸ್ಥೆಯ ‘ಪಿ ಲಿಮಿಟೆಡ್’ ವಿಭಾಗದಲ್ಲಿ 4 ಸೆಲ್ ಮತ್ತು ಮಿತಿ ಹಾಕಿದ ಮೋಟಾರುಗಳು. ಅಲ್ಲಿ ಅದನ್ನು ನೋಡಿಕೊಳ್ಳಲಿಕ್ಕೆ ಸಂಸ್ಥೆ ಉಂಟು, ಸಮಿತಿ ಉಂಟು. ನಮ್ಮಲ್ಲಿ ಇರುವುದು ಭಾವ.

ಎರಡನೇ ನಿಯಮ: ಅಳತೆಯೊಳಗೆ ಯಾವ ಮೋಟಾರ್ ಬೇಕಾದರೂ ಹಾಕಿ. ಹೊರಗಿನ ದಪ್ಪ 36, ಉದ್ದ 60 ದಾಟಬಾರದು. ಕೆವಿ ನಿಮ್ಮ ಇಷ್ಟ. ಬ್ಯಾಟರಿ 3 ಸೆಲ್. ಕಂಪನಿ ಯಾವುದಾದರೂ ಸರಿ, ವರ್ನಿಯರ್ ಹಿಡಿದರೆ ಮುಗಿಯಿತು ಅಂತ ನಾವು ಅಂದುಕೊಂಡದ್ದು.

ವರ್ನಿಯರ್ ಹಿಡಿಯುವುದೆಲ್ಲಿಗೆ? ಮೋಟಾರಿನ ಮೇಲೆ ನೀರು ಹರಿಯುವ ಅಲ್ಯೂಮಿನಿಯಂ ಜಾಕೆಟ್ ಕೂತಿರುತ್ತದೆ. ಅದನ್ನು ತೆಗೆಯಬೇಕಾದರೆ ಮೌಂಟ್ ಬಿಚ್ಚಬೇಕು, ಪ್ರೊಪೆಲ್ಲರಿಗೆ ಹೋಗುವ ಫ್ಲೆಕ್ಸ್ ಶಾಫ್ಟ್ ಕಳಚಬೇಕು, ಆಮೇಲೆ ಒಳಗಿನ ರಬ್ಬರ್ ರಿಂಗ್ ಮತ್ತೆ ಸರಿಯಾಗಿ ಕೂರುವುದಿಲ್ಲ, ಬೋಟಿನೊಳಗೆ ನೀರು. ಉದ್ದ ಅಂದರೆ ಡಬ್ಬಿಯದ್ದೋ, ಹಿಂದೆ ಉಬ್ಬಿದ ಬೇರಿಂಗಿನ ಮುಚ್ಚಳವೂ ಸೇರಿಯೋ ಅನ್ನುವುದಕ್ಕೆ ಒಂದು ಇಡೀ ಬೆಳಿಗ್ಗೆ ಹೋಯಿತು.

ಅದಕ್ಕಿಂತ ದೊಡ್ಡದು ದುಡ್ಡಿನ ವಿಷಯ. ಬ್ಯಾಂಕಿನವರು 8,500 ರೂಪಾಯಿಯ ನಾಲ್ಕು ಪೋಲಿನ (ಆಯಸ್ಕಾಂತದ ಧ್ರುವ) ಮೋಟಾರ್ ತರಿಸಿದರು. ಅಳತೆ ಸರಿಯಾಗಿ 36, 60. ನಮ್ಮ ಎರಡು ಪೋಲಿನದು ಅದರ ಮುಂದೆ ಎತ್ತಿನಗಾಡಿ. ಅವರ ತಪ್ಪೇನಿಲ್ಲ, ನಿಯಮದಲ್ಲಿ ಇದ್ದದ್ದು ಡಬ್ಬಿಯ ಅಳತೆ ಮಾತ್ರ. ಹುಡುಗರ ಮುಖ ನೋಡಲಿಕ್ಕಾಗಲಿಲ್ಲ. ಮೂರು ಭಾನುವಾರಕ್ಕೆ ಇದೂ ನಿಂತಿತು.

ಕೆವಿಗೇ ಮಿತಿ ಹಾಕುವ ಅಂತ ಒಂದು ಮಾತು ಬಂತು. ಪ್ರತಿ ವಾರ ಡ್ರಿಲ್ ಹೊತ್ತುಕೊಂಡು ಬರುವವರು ಯಾರು ಅಂತ ಕೇಳಿದ ಕೂಡಲೇ ಆ ಮಾತು ಸತ್ತಿತು.

ಮಕ್ಕಳಿಗಾದರೆ ಹಳೇ ಕಾಲದ 540 ಸೈಜಿನ ಬ್ರಷ್ ಮೋಟಾರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸಸ್ತಾ, ನಿಧಾನ, ಸುಟ್ಟರೂ ಹೊಟ್ಟೆ ಉರಿಯುವುದಿಲ್ಲ. ಬ್ರಷ್ ಸವೆಯುತ್ತದೆ, ಅಷ್ಟೇ.

ಮೂರನೇ ನಿಯಮ ಬಂದದ್ದು ಮಲ್ಪೆಯ ಅಣ್ಣನ ಬಾಯಿಂದ. ಮೀನುಗಾರಿಕೆ ಬೋಟುಗಳಿಗೆ ಸರಕಾರದ ಕರರಹಿತ ಡೀಸೆಲ್ ಸಿಗುತ್ತದಲ್ಲ, ಅದಕ್ಕೆ ಬೋಟಿಗೆ ಇಷ್ಟು ಅಂತ ಮಿತಿ ಉಂಟು. “ಎಂಜಿನ್ ಮೇಲೆ ಬರೆದ ಹಾರ್ಸ್‌ಪವರ್ ಬಿಡಿ. ಡೀಸೆಲ್ ಅಳೆದು ಕೊಟ್ಟರೆ ಓಡಿಸುವವನ ಬುದ್ಧಿ ತಾನಾಗಿ ಗೊತ್ತಾಗ್ತದೆ” ಅಂದರು. ನಮ್ಮ ಬೋಟಿನ ಡೀಸೆಲ್ ಯಾವುದು? ಬ್ಯಾಟರಿ.

ಹಾಗಾಗಿ ಮೋಟಾರ್ ಯಾವುದೂ ಆಗಬಹುದು, ಪ್ರೊಪೆಲ್ಲರ್ ಯಾವುದೂ ಆಗಬಹುದು. ಬ್ಯಾಟರಿ 3 ಸೆಲ್ ಲಿಪೋ, ತೂಕ 200 ಗ್ರಾಂ ಮೀರಬಾರದು. ರೇಸ್ 5 ನಿಮಿಷ. ಅಷ್ಟರಲ್ಲಿ ಯಾರು ಜಾಸ್ತಿ ಸುತ್ತು ಹಾಕುತ್ತಾರೋ ಅವರು ಗೆದ್ದರು. ನಾವೇನೂ ಹೊಸದು ಕಂಡುಹಿಡಿದದ್ದಲ್ಲ, ನವಿಗಾ ಅನ್ನುವ ಮಾದರಿ ಹಡಗುಗಳ ಅಂತರರಾಷ್ಟ್ರೀಯ ಸಂಸ್ಥೆಯ ಸ್ಪರ್ಧೆಗಳಲ್ಲೂ ಬ್ಯಾಟರಿಗೆ ತೂಕದ ಮಿತಿ ಇದೆ ಅಂತ ಆಮೇಲೆ ಹುಡುಗರು ತೋರಿಸಿದರು.

200 ಯಾಕೆ? ನಮ್ಮಲ್ಲಿದ್ದ 2200 ಎಂಎಎಚ್ (ಮಿಲಿ ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ) ಬ್ಯಾಟರಿಗಳನ್ನೆಲ್ಲ ಅಕ್ಕನ ಅಡುಗೆಮನೆಯ ತಕ್ಕಡಿಗೆ ಹಾಕಿದೆವು. 168ರಿಂದ 192 ಗ್ರಾಂ ಬಂತು. ಎಂಎಎಚ್ ಸಂಖ್ಯೆಯನ್ನೇ ನಿಯಮ ಮಾಡಬಹುದಿತ್ತು, ಆದರೆ ಅದೂ ಸ್ಟಿಕ್ಕರ್ ಮೇಲಿನದ್ದೇ. ಸ್ಟಿಕ್ಕರ್ ವಿಷಯದಲ್ಲಿ ನನ್ನ ನಂಬಿಕೆ ಹೋಗಿದೆ.

ಈ ನಿಯಮ ಹೇಗೆ ಕೆಲಸ ಮಾಡುತ್ತದೆ ನೋಡಿ. 3 ಸೆಲ್ಲಿನ ಸರಾಸರಿ 11.1 ವೋಲ್ಟ್, 2.2 ಆಂಪಿಯರ್ ಅವರ್ ಅಂದರೆ 24.4 ವ್ಯಾಟ್ ಅವರ್. ಅದನ್ನು 5 ನಿಮಿಷಕ್ಕೆ ಹಂಚಿದರೆ ಸರಾಸರಿ 293 ವ್ಯಾಟ್. ಪೂರ್ತಿ ಹೀರಿದರೆ ಬ್ಯಾಟರಿ ಸಾಯುತ್ತದೆ, ಹಾಗಾಗಿ ನಿಜಕ್ಕೂ ಸಿಗುವುದು ಇನ್ನೂ ಕಡಿಮೆ. ಒಳಗೆ 2000 ವ್ಯಾಟಿನ ಮೋಟಾರ್ ಕೂರಿಸಿದರೂ ಊಟ ಅಷ್ಟೇ.

ಮೊದಲ ರೇಸಿನಲ್ಲೇ ಗೊತ್ತಾಯಿತು. ಬ್ಯಾಂಕಿನವರ 8,500ರ ಮೋಟಾರ್ ಎರಡು ನಿಮಿಷ ಎಲ್ಲರನ್ನೂ ದಾಟಿ ಓಡಿತು. 3 ನಿಮಿಷ 40 ಸೆಕೆಂಡಿಗೆ ವೋಲ್ಟ್ ಇಳಿದು ಮದಗದ ನಡುವೆ ಬಾತುಕೋಳಿಯ ಹಾಗೆ ತೇಲುತ್ತಾ ನಿಂತಿತು. ಮಲ್ಪೆಯ ಅಣ್ಣ ತನ್ನ ಹಳೇ 2000 ಕೆವಿ ಮೋಟಾರಿಗೆ 36ರ ಪ್ರೊಪೆಲ್ಲರ್ ಹಾಕಿ, ನೇರ ದಾರಿಯಲ್ಲಿ ಥ್ರಾಟಲ್ ಬಿಟ್ಟು ಬಿಟ್ಟು ಹಿಡಿದು, ಬೋಯೆಗೆ ಗೇಣು ಬಿಟ್ಟು ತಿರುಗಿಸಿ ಗೆದ್ದರು. ನಾನು ಮೂರನೆಯವನು. ನನ್ನ ದೊಡ್ಡ ತಿರುವಿಗೆ ಎಷ್ಟು ಬ್ಯಾಟರಿ ಹೋಗುತ್ತದೆ ಅಂತ ಮೊದಲ ಸಲ ಲೆಕ್ಕ ಸಿಕ್ಕಿತು.

ಲೋಪ ಇಲ್ಲ ಅಂತಲ್ಲ. ಗೆಲ್ಲುವ ಆಸೆಗೆ ಹುಡುಗರು ಕೊನೆಯ ಹನಿಯವರೆಗೂ ಹೀರಿ ಎರಡು ಬ್ಯಾಟರಿ ಉಬ್ಬಿಸಿಕೊಂಡರು. ಆಮೇಲೆ ಒಂದು ಸಾಲು ಸೇರಿಸಿದೆವು: ರೇಸ್ ಮುಗಿದ ಮೇಲೆ ಯಾವ ಸೆಲ್ಲಾದರೂ 3.5 ವೋಲ್ಟಿಗಿಂತ ಕೆಳಗಿದ್ದರೆ ಒಂದು ಸುತ್ತು ಕಟ್. 4.35 ವೋಲ್ಟಿನವರೆಗೆ ಚಾರ್ಜ್ ಆಗುವ ಎಚ್‌ವಿ (ಹೈ ವೋಲ್ಟೇಜ್) ಬ್ಯಾಟರಿಗಳೂ ಇವೆ, ಅದಕ್ಕೆ ಹೊರಡುವ ಮೊದಲು 12.6 ದಾಟಿರಬಾರದು ಅಂತ ಇನ್ನೊಂದು ಸಾಲು. ಎರಡಕ್ಕೂ ಕಿಸೆಯಲ್ಲಿ ಹಿಡಿಸುವ ಸೆಲ್ ಚೆಕ್ಕರ್ ಸಾಕು.

ನನ್ನ ಲೆಕ್ಕ ಸುಲಭದ್ದು. ಭಾನುವಾರ ಏಳಕ್ಕೆ ಹೋದರೆ ಹತ್ತಕ್ಕೆ ಮೀನು ಹಿಡಿದುಕೊಂಡು ಮನೆಯಲ್ಲಿರಬೇಕು. ಆ ಮೂರು ಗಂಟೆಯಲ್ಲಿ ಬೋಟ್ ಬಿಚ್ಚುವುದು, ಅಳೆಯುವುದು, ಜಗಳ ಮಾಡುವುದು ನನಗಾಗದು. ತಕ್ಕಡಿಗೆ 400 ರೂಪಾಯಿ, ಚೆಕ್ಕರಿಗೆ 200. ತಪಾಸಣೆ ಒಬ್ಬರಿಗೆ ಅರ್ಧ ನಿಮಿಷ. ಸಿಟ್ಟಿನಲ್ಲಿ ಮೂಲೆಗೆ ಎಸೆದಿದ್ದ ನನ್ನ 2320ರ ‘ಕಳ್ಳ’ ಮೋಟಾರೂ ಸಣ್ಣ ಪ್ರೊಪೆಲ್ಲರ್ ಹಾಕಿಕೊಂಡು ಮತ್ತೆ ನೀರಿಗಿಳಿಯಿತು, ಈಗ ಯಾರೂ ಅದನ್ನು ಕೇಳುವುದಿಲ್ಲ. ನಿಮ್ಮದು ದುಡ್ಡಿರುವ ಕ್ಲಬ್ಬಾಗಿದ್ದು, ಹತ್ತು ಮೋಟಾರ್ ಒಟ್ಟಿಗೆ ತೆಗೆದು, ಎಲ್ಲವನ್ನೂ ಡ್ರಿಲ್ಲಿಗೆ ಹಾಕಿ ನೋಡಿ, ರೇಸಿನ ದಿನ ಚೀಟಿ ಎತ್ತಿ ಹಂಚುವಷ್ಟು ವ್ಯವಧಾನ ಇದ್ದರೆ ಮೊದಲನೆಯದ್ದನ್ನೇ ಮಾಡಿ. ಎರಡನೆಯದ್ದನ್ನು ನನ್ನ ಹತ್ತಿರ ಕೇಳಲೇಬೇಡಿ.

ಒಂದು ತಕರಾರು ಮಾತ್ರ ಇನ್ನೂ ಬಗೆಹರಿದಿಲ್ಲ. 200 ಗ್ರಾಂ ಅಂದರೆ ವಯರ್, ಕನೆಕ್ಟರ್ ಸೇರಿಯೋ, ಬಿಟ್ಟೋ? ಭಾವ ಹೋದ ವಾರ 206 ಗ್ರಾಮಿನ ಬ್ಯಾಟರಿ ತಂದಿದ್ದ. ಸೇರಿಯೇ ಅಂದೆವು. ಈ ವಾರ ಅದೇ ಬ್ಯಾಟರಿಯ ವಯರನ್ನು ಬೆರಳುದ್ದಕ್ಕೆ ಕತ್ತರಿಸಿ, ಸಣ್ಣ ಕನೆಕ್ಟರ್ ಬೆಸೆದು ತಂದ. ತಕ್ಕಡಿ 199 ತೋರಿಸಿತು. ಆದರೆ ಅಷ್ಟು ಗಿಡ್ಡ ವಯರು ಇಎಸ್‌ಸಿಯವರೆಗೆ ಮುಟ್ಟಲಿಲ್ಲ. ದಡದಲ್ಲಿ ಕೂತು ನನ್ನ ಹತ್ತಿರ ಒಂದು ತುಂಡು ವಯರ್ ಕೇಳಿದ. ಕೊಟ್ಟೆ, ಆದರೆ ಅದನ್ನೂ ತೂಗಿಯೇ.