‘ನೀವು ದುಡ್ಡು ಹಾಕಿ, ಉಳಿದದ್ದು ನಾವು ನೋಡ್ಕೊಳ್ತೇವೆ’ ಅನ್ನುವವರ ಬಗ್ಗೆ

ಉಡುಪಿಯ ಮಲ್ಪೆಯಿಂದ ಕೋಡಿ ಬೆಂಗ್ರೆ ತನಕ, ಈಚೆ ಕಾಪು, ಪಡುಬಿದ್ರಿ ಕಡೆಯೂ, ಈಗ ಒಂದು ವ್ಯಾಪಾರ ಜೋರಾಗಿದೆ. ಬೀಚ್ ಹತ್ತಿರ ಒಂದು ಹಳೇ ಮನೆ ತೋರಿಸುತ್ತಾರೆ. ಸಾಲ ನಾವೇ ಮಾಡಿಸಿಕೊಡುತ್ತೇವೆ ಅನ್ನುತ್ತಾರೆ. ರಿಪೇರಿ, ಫೋಟೋ, ಬುಕಿಂಗ್ ಆ್ಯಪ್, ಬರುವವರ ಚಾಕರಿ ಎಲ್ಲ ಅವರದ್ದೇ. ನೀವು ಮಂಗಳೂರಿನಲ್ಲೋ ದುಬೈಯಲ್ಲೋ ಆರಾಮಾಗಿರಿ, ಬಾಡಿಗೆಯಲ್ಲೇ ಕಂತು ಹೋಗುತ್ತದೆ ಅಂತ ಮಾತು. ನಾವು ಮಂಗಳೂರಿನಲ್ಲಿ ಇರುವವರು. ಇಂಥದ್ದೇ ಒಂದು ಮನೆ ತೆಗೆದುಕೊಂಡೆವು. ವಿಷಯ ವಕೀಲರ ಹತ್ತಿರ ಇರುವುದರಿಂದ ಯಾರ ಹೆಸರನ್ನೂ ಹೇಳುವುದಿಲ್ಲ. ಅವರು ಹೇಗೆ ಮಾಡುತ್ತಾರೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲು ಬರುವುದು ಲೆಕ್ಕದ ಹಾಳೆ. ನಮಗೆ ತೋರಿಸಿದ್ದರಲ್ಲಿ ಒಂದು ರಾತ್ರಿಗೆ 9,000 ರೂಪಾಯಿ, ತಿಂಗಳಿಗೆ 20 ರಾತ್ರಿ ಅಂತ ಇತ್ತು. ಆ ದರ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯಿತು. ಡಿಸೆಂಬರ್ ಕೊನೆಯ ವಾರ ಮತ್ತು ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವದ ಸಮಯದ್ದು. ಪರ್ಯಾಯ ಬರುವುದು ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. ಅದನ್ನು ಹಿಡಿದು ಇಡೀ ವರ್ಷದ ಲೆಕ್ಕ ಹಾಕಿದರೆ ಯಾವ ಮನೆಯಾದರೂ ಲಾಭದಲ್ಲೇ ಇರುತ್ತದೆ ಮಾರಾಯ್ರೆ. ಮಳೆಗಾಲದಲ್ಲಿ ಇಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಹೋಗುವುದಿಲ್ಲ. ಬೀಚಿನಲ್ಲಿ ನೀರಿಗೆ ಇಳಿಯಲು ಬಿಡುವುದಿಲ್ಲ. ಬೆಂಗಳೂರಿನವರು ಆಗ ಚಿಕ್ಕಮಗಳೂರು, ಕೊಡಗು ಅಂತ ಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆ ಹೆಚ್ಚುಕಡಿಮೆ ಖಾಲಿ. ಹಾಸಿಗೆಗೆ ಬೂಷ್ಟು ಬೇರೆ. ಉಪ್ಪುಗಾಳಿಗೆ ಎಸಿಯ ಹೊರಗಿನ ಡಬ್ಬ ತುಕ್ಕು ಹಿಡಿಯುವ ವೇಗ ನೋಡಿದರೆ ಗಾಬರಿಯಾಗುತ್ತದೆ. ಆ ಖರ್ಚು ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ನಿಜವಾದ ಒಂದು ಸಾಧಾರಣ ತಿಂಗಳ ಲೆಕ್ಕ ಹೀಗಿತ್ತು. ಬಾಡಿಗೆ 50,000. ಆ್ಯಪ್ ಕಮಿಷನ್ ಶೇಕಡಾ 15, ಆ ಕಮಿಷನ್ ಮೇಲೆ ಶೇಕಡಾ 18 ಜಿಎಸ್‌ಟಿ. ಅಲ್ಲಿಗೆ 8,850 ಹೋಯಿತು. ನೋಡಿಕೊಳ್ಳುವವರ ಪಾಲು ಶೇಕಡಾ 25. ಇಲ್ಲಿ ಗಮನಿಸಿ, ಅವರು ಪಾಲು ಹಿಡಿದದ್ದು ಪೂರ್ತಿ 50,000ದ ಮೇಲೆ, ಖರ್ಚು ಕಳೆದು ಉಳಿದದ್ದರ ಮೇಲೆ ಅಲ್ಲ. ಅಂದರೆ 12,500. ಕೆಲಸದವರ ಸಂಬಳ, ಬಟ್ಟೆ ಒಗೆಸುವುದು, ಕರೆಂಟು, ವೈಫೈ, ಏಪ್ರಿಲ್-ಮೇಯಲ್ಲಿ ಬಾವಿ ನೀರು ಉಪ್ಪಾದಾಗ ಟ್ಯಾಂಕರ್, ಎಲ್ಲ ಸೇರಿ ಇನ್ನೊಂದು 14,000. ಕೈಗೆ ಬಂದದ್ದು 15,000ಕ್ಕೂ ಕಡಿಮೆ. ಬ್ಯಾಂಕಿನ ಕಂತು 32,500.

ಸಾಲದ ವಿಷಯಕ್ಕೆ ಬರುತ್ತೇನೆ. ‘ಶೇಕಡಾ 90 ಸಾಲ ಸಿಗುತ್ತದೆ ಸರ್’ ಅಂದಿದ್ದರು. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಶೇಕಡಾ 90 ಇರುವುದು 30 ಲಕ್ಷದ ಒಳಗಿನ ಗೃಹ ಸಾಲಕ್ಕೆ. 30ರಿಂದ 75 ಲಕ್ಷದವರೆಗೆ ಶೇಕಡಾ 80. ಅದೂ ನೀವು ಕೊಡುವ ಬೆಲೆಗಲ್ಲ, ಬ್ಯಾಂಕ್ ಒಪ್ಪಿದ ಬೆಲೆಗೆ. ನಮ್ಮ ಮನೆಗೆ ಮಾತಾದದ್ದು 58 ಲಕ್ಷ. ಬ್ಯಾಂಕಿನಿಂದ ಬಂದವರು 46 ಲಕ್ಷ ಅಂತ ಬರೆದರು. ಕಾರಣ ಕೇಳಿ. ಕಾಂಪೌಂಡ್ ಗೋಡೆಯ ಒಳಗೆ 14 ಸೆಂಟ್ಸ್ ಇದೆ, ಪಹಣಿಯಲ್ಲಿ ಇರುವುದು 9. ಕಾರು ನಿಲ್ಲಿಸುವ ಜಾಗ, ಉಯ್ಯಾಲೆ ಕಟ್ಟಿದ ತೆಂಗಿನ ಮರಗಳು, ಜಾಹೀರಾತಿನಲ್ಲಿ ‘ಗಾರ್ಡನ್’ ಅಂತ ಹಾಕಿದ್ದು, ಎಲ್ಲ ಪರಂಬೋಕು. ಸರ್ಕಾರಿ ಜಾಗ! ಸಾಲ ಸಿಕ್ಕಿದ್ದು 36 ಲಕ್ಷ 80 ಸಾವಿರ.

ಅಷ್ಟರಲ್ಲಿ ಮುಂಗಡ ಅವರ ಕೈಯಲ್ಲಿತ್ತು. ಸಾಲ ಕಡಿಮೆ ಸಿಕ್ಕಿದರೂ ಮುಂಗಡ ವಾಪಸ್ ಇಲ್ಲ ಅನ್ನುವ ಸಾಲು ಕರಾರಿನ ಮೂರನೇ ಪುಟದಲ್ಲಿ ಇತ್ತು. ‘ಇದು ಮಾಮೂಲಿ ಫಾರ್ಮ್ಯಾಟ್’ ಅಂದಿದ್ದರು. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್, ಸರ್‌ಚಾರ್ಜ್, ಮತ್ತೆ ನೋಂದಣಿ. ಇದಕ್ಕೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಹೋಗಬೇಕು. ಈಗ ತೆಗೆಯುವವರಿಗೆ ಇನ್ನೂ ಜಾಸ್ತಿ, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇಕಡಾ 1ರಿಂದ 2ಕ್ಕೆ ಏರಿದೆ. ಇದ್ದ ಉಳಿತಾಯ ಸಾಲದೆ ಹೆಂಡತಿಯ ಚಿನ್ನ ಅಡವಿಟ್ಟೆವು. ಚಿನ್ನದ ಸಾಲವನ್ನು ವರ್ಷದೊಳಗೆ ತೀರಿಸಬೇಕು ಅಥವಾ ಬಡ್ಡಿ ಕಟ್ಟಿ ಹೊಸದು ಮಾಡಿಸಬೇಕು. ಇಪ್ಪತ್ತು ವರ್ಷದ ಆಸ್ತಿಗೆ ಒಂದು ವರ್ಷದ ಸಾಲ.

ಇನ್ನು ‘ಹೋಮ್‌ಸ್ಟೇ ಲೈಸೆನ್ಸ್ ನಾವು ಮಾಡಿಸ್ತೇವೆ’ ಅನ್ನುವ ಮಾತು. ಆಗುವುದಿಲ್ಲ. ಪ್ರವಾಸೋದ್ಯಮ ಇಲಾಖೆಯ ಲೆಕ್ಕದಲ್ಲಿ ಹೋಮ್‌ಸ್ಟೇ ಅಂದರೆ ಮಾಲೀಕರ ಕುಟುಂಬ ಅಲ್ಲೇ ವಾಸ ಇದ್ದು, ಒಂದಿಷ್ಟು ಕೋಣೆ ಅತಿಥಿಗಳಿಗೆ ಕೊಡುವ ಮನೆ. ನೀವು ಕದ್ರಿಯಲ್ಲಿ ಕೂತು ಪಡುಕೆರೆಯ ಮನೆ ಕೊಟ್ಟರೆ ಅದು ವ್ಯಾಪಾರ. ಪಂಚಾಯತ್ ಪರವಾನಗಿ ಬೇರೆ, ಕರೆಂಟಿನ ದರ ಬೇರೆ. ನಮ್ಮ ಮೀಟರ್ ಮನೆ ಬಳಕೆಯ ದರದಲ್ಲೇ ಓಡುತ್ತಿತ್ತು. ಯಾರೋ ದೂರು ಕೊಟ್ಟರು, ತಪಾಸಣೆಗೆ ಬಂದರು, ವಾಣಿಜ್ಯ ದರದಲ್ಲಿ ಹಿಂಬಾಕಿ ಹಾಕಿ ಹೋದರು. ಅವರದ್ದು ತಪ್ಪಿಲ್ಲ ಬಿಡಿ. ಮನೆ ವಿಮೆಯೂ ಹಾಗೇ. ವಾಸಕ್ಕೆ ಅಂತ ಬರೆಸಿ ದಿನಬಾಡಿಗೆಗೆ ಕೊಟ್ಟರೆ, ಕ್ಲೇಮ್ ಕೊಡುವುದಿಲ್ಲ ಅನ್ನಲು ವಿಮೆಯವರಿಗೆ ಕಾರಣ ಕೊಟ್ಟ ಹಾಗೆ. ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್ ತನಕ ಸಿಆರ್‌ಝಡ್, ಅಂದರೆ ಕಟ್ಟುವುದಕ್ಕೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ, ಬೇರೆ ಇದೆ, ಹೊಳೆ ಬದಿಗೂ ಅದರ ಮಿತಿ ಉಂಟು. ಕೋಡಿ ಬೆಂಗ್ರೆಯಂಥ ಕಡೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅಲ್ಲಿ ಹಿಂದೆ ಒಂದು ಕೋಣೆ ಎಳೆಯುತ್ತೇವೆ, ಈಜುಕೊಳ ತೋಡುತ್ತೇವೆ ಅಂದರೆ ನಂಬಬೇಡಿ. ಈಜುಕೊಳದ ಆಸೆಯನ್ನು ನಮಗೂ ಹುಟ್ಟಿಸಿದ್ದರು. 2024ರ ನವೆಂಬರ್‌ನಲ್ಲಿ ಉಳ್ಳಾಲ ಹತ್ತಿರದ ರೆಸಾರ್ಟ್ ಒಂದರ ಕೊಳದಲ್ಲಿ ಮೈಸೂರಿನ ಮೂವರು ಹುಡುಗಿಯರು ಮುಳುಗಿ ತೀರಿಕೊಂಡದ್ದು ನೆನಪಿದೆ ಅಲ್ವಾ? ನೋಡಲು ಒಬ್ಬರಿಲ್ಲದ ಮನೆಗೆ ಕೊಳ ಯಾಕೆ ಅಂತ ಹೆಂಡತಿ ಅಂದೇ ಬೇಡ ಅಂದಿದ್ದಳು.

ಎಲ್ಲಕ್ಕಿಂತ ದೊಡ್ಡ ಮೋಸ ಕೀಲಿಕೈಯಲ್ಲಿ ನಡೆಯಿತು. ಮಳೆಗಾಲದ ಒಂದು ತಿಂಗಳು ಅವರು ಕಳಿಸಿದ ಪಟ್ಟಿಯಲ್ಲಿ ಬುಕಿಂಗ್ ಬರೀ ಒಂದೆರಡು ರಾತ್ರಿಯದ್ದು. ಕರೆಂಟ್ ಬಿಲ್ ಬಂತು, 380 ಯೂನಿಟ್! ಖಾಲಿ ಮನೆಯಲ್ಲಿ ಎಸಿ ಹಾಕಿಕೊಂಡು ಮಲಗಿದವರು ಯಾರು? ಕೇಳಿದರೆ ‘ಬೂಷ್ಟು ಬರಬಾರದು ಅಂತ ಎಸಿ ಓಡಿಸ್ತೇವೆ ಸರ್’ ಅಂದರು. ಉತ್ತರ ಎಷ್ಟು ತಯಾರಾಗಿತ್ತು ನೋಡಿ. ಪಕ್ಕದ ಮನೆಯ ಅಕ್ಕನಿಗೆ ಫೋನ್ ಮಾಡಿದೆ. ‘ಪ್ರತಿ ಶನಿವಾರ ಜನ ಇರ್ತಾರೆ ಅಣ್ಣಾ, ರಾತ್ರಿ ಇಡೀ ಸ್ಪೀಕರ್ ಹಾಕ್ತಾರೆ. ನಿಮಗೆ ಹೇಳಿದ್ರೆ ಬೇಜಾರಾಗ್ತದೇನೋ ಅಂತ ಸುಮ್ನಿದ್ದೆ’ ಅಂದರು. ಆ್ಯಪ್‌ನಲ್ಲಿ ದಿನಾಂಕ ಬ್ಲಾಕ್ ಮಾಡಿ, ಫೋನಿನಲ್ಲೇ ಮಾತಾಡಿ, ನಗದು ತೆಗೆದುಕೊಂಡು ಕೊಡುತ್ತಿದ್ದರು. ಬಂದವರ ಗುರುತಿನ ಚೀಟಿಯ ಪ್ರತಿ ಇಲ್ಲ, ರಿಜಿಸ್ಟರ್ ಇಲ್ಲ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡುವ ಫಾರ್ಮ್ ತುಂಬಬೇಕು. ಅದನ್ನು ಯಾರು ತುಂಬುತ್ತಿದ್ದರು, ದೇವರೇ ಬಲ್ಲ. ಏನಾದರೂ ಆದರೆ ಪೊಲೀಸರು ಹುಡುಕಿಕೊಂಡು ಬರುವುದು ಮನೆ ಯಾರ ಹೆಸರಿನಲ್ಲಿದೆಯೋ ಅವರನ್ನು.

ಬಿಡಿಸಿಕೊಳ್ಳಲು ಹೋದಾಗ ಇನ್ನೊಂದು ಗೊತ್ತಾಯಿತು. ಆ್ಯಪ್‌ನಲ್ಲಿ ಮನೆ ಇದ್ದದ್ದು ಅವರ ಖಾತೆಯಲ್ಲಿ. ದುಡ್ಡು ಮೊದಲು ಅವರ ಬ್ಯಾಂಕಿಗೆ ಬಂದು, ಕಡಿತವಾಗಿ ನಮಗೆ ಬರುತ್ತಿತ್ತು. ರೇಟಿಂಗ್, ರಿವ್ಯೂ, ಫೋಟೋ ಎಲ್ಲ ಅವರದ್ದೇ ಆಯಿತು. ನಮಗೆ ಉಳಿದದ್ದು ಮನೆ ಮತ್ತು ಸಾಲ.

ನೀವು ಯಾರ ಜೊತೆಯಾದರೂ ಮಾತಾಡುತ್ತಿದ್ದರೆ ಸಹಿಗೆ ಮುಂಚೆ ಇಷ್ಟು ಕೇಳಿ. ಆ್ಯಪ್ ಖಾತೆ ನನ್ನ ಹೆಸರಿನಲ್ಲಿ, ದುಡ್ಡು ನನ್ನ ಬ್ಯಾಂಕಿಗೆ, ನಿಮಗೆ ನೋಡಿಕೊಳ್ಳಲು ಮಾತ್ರ ಅನುಮತಿ, ಆಗಬಹುದಾ? ಪಾಲು ಖರ್ಚು ಕಳೆದ ಮೇಲೆಯಾ, ಮೊದಲಾ? ಹೋದ ವರ್ಷದ ಜುಲೈ ತಿಂಗಳ ಲೆಕ್ಕ ತೋರಿಸುತ್ತೀರಾ? ಜುಲೈ ಅಂದ ಕೂಡಲೇ ಮಾತು ಬದಲಿಸಿದರೆ ಎದ್ದು ಬನ್ನಿ. ಪಹಣಿ, ಋಣಭಾರ ಪತ್ರ, ಭೂಪರಿವರ್ತನೆ, ಪಂಚಾಯತ್ ಕೊಡುವ 9/11 ನಮೂನೆ ಎಲ್ಲ ನಿಮ್ಮದೇ ವಕೀಲರಿಗೆ ತೋರಿಸಿ, ಅವರು ಕರೆತಂದ ವಕೀಲರಿಗೆ ಬೇಡ. ಸರ್ವೆಯವರಿಂದ ಜಾಗ ಅಳೆಸಿ. ಬ್ಯಾಂಕ್ ಬೆಲೆ ಕಟ್ಟುವ ತನಕ ಮುಂಗಡ ಕೊಡಬೇಡಿ, ಕೊಡಲೇಬೇಕಾದರೆ ಸಾಲ ಸಿಗದಿದ್ದರೆ ವಾಪಸ್ ಅಂತ ಬರೆಸಿ.

ಮನೆಯನ್ನು ಈಗ ಮಣಿಪಾಲದಲ್ಲಿ ಕೆಲಸ ಮಾಡುವ ಒಂದು ಕುಟುಂಬಕ್ಕೆ ತಿಂಗಳ ಬಾಡಿಗೆಗೆ ಕೊಟ್ಟಿದ್ದೇವೆ. ಕಂತಿನ ಅರ್ಧದಷ್ಟು ಬರುತ್ತದೆ. ಆದರೆ ಮೊದಲು ನೋಡಿಕೊಳ್ಳುತ್ತಿದ್ದವರು ಹಳೇ ಫೋಟೋಗಳನ್ನು ಜಾಹೀರಾತಿನಿಂದ ಇನ್ನೂ ತೆಗೆದಿಲ್ಲ. ರಜೆಗೆ ಮನೆ ಹುಡುಕುವವರೂ ಸ್ವಲ್ಪ ನೋಡಿಕೊಳ್ಳಿ. ಮಲ್ಪೆ ಕಡೆಯ ಜಾಹೀರಾತಿನಲ್ಲಿ ಹಸಿರು ಬಾಗಿಲು, ಕೆಂಪು ಸಿಮೆಂಟ್ ನೆಲ, ಬಾವಿಕಟ್ಟೆ ಪಕ್ಕ ಬಿಳಿ ಬೋಗನ್‌ವಿಲ್ಲಾ ಕಂಡರೆ ಮುಂಗಡ ಕಳಿಸಬೇಡಿ. ಆ ಮನೆಯಲ್ಲಿ ಜನ ಇದ್ದಾರೆ.